ಇಟಲಿಯವನ ಎಡಗಾಲು

ಇಪ್ಪತ್ತೆರಡು ವರ್ಷಗಳಿಂದ ನಾರಾಯಣಪೇಟೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದರೂ ದೊಡ್ಡವರ ಚಿತ್ರಗಳು ನನಗೆ ಅರ್ಥವಾಗುವುದಿಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಮಾವಿನಕಾಯಿ, ಕೊಡ, ರಾಷ್ಟ್ರಧ್ವಜ, ಇಷ್ಟರ ಮಟ್ಟಿಗೆ ನಾನು ಗಟ್ಟಿಗ. ಅದರಾಚೆ ಕಣ್ಣು ಅರೆಮುಚ್ಚಿ ‘ಆಹಾ’ ಎಂದರೆ ಸಾಕು. ಕೇಳುವವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ.

ಹೀಗಿರುವಾಗ ಗದ್ವಾಲಿನಲ್ಲಿ ನಮ್ಮಂಥ ಮಾಸ್ತರರಿಗೆ ತರಬೇತಿ ಬಂತು. ಅರ್ಧ ಗಂಟೆ ಮಾತಾಡಿರೆಂದು ನನಗೊಂದು ಚಿತ್ರದ ಅಚ್ಚುಪ್ರತಿ ಕಳಿಸಿದರು. ನಾಲ್ಕೈದು ನೂರು ವರ್ಷಗಳ ಹಿಂದೆ ಇಟಲಿಯ ಯಾರೋ ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದಂತೆ. ಮೈಮೇಲೆ ಬಟ್ಟೆಯಿಲ್ಲದ ಗಂಡಸು ನಮಗೆ ಬೆನ್ನು ಮಾಡಿ, ಒಂದು ಕೈ ಎತ್ತಿ ನಿಂತಿದ್ದಾನೆ. ಎಡಗಾಲು ಮೊಣಕಾಲಿಗೇ ಮುಗಿದಿದೆ. ಮೇಲೆಲ್ಲ ಚೌಕ ಚೌಕ ಗೆರೆ. ಕೈ ಯಾಕೆ ಎತ್ತಿದ್ದಾನೆ? ಯಾರನ್ನು ಕರೆಯುತ್ತಿದ್ದಾನೆ? ಗೆರೆಗಳು ಜೈಲಿನ ಸರಳುಗಳೇ? ಮೂರು ದಿನ ತಲೆ ಕೆರೆದುಕೊಂಡು, ‘ಇಲ್ಲದ ಎಡಗಾಲು, ಮನುಷ್ಯನ ಅಪೂರ್ಣತೆ’ ಎಂದು ಎರಡು ಪುಟ ಗೀಚಿದೆ. ಗೀಚಿದ್ದು ನನಗೇ ತಿಳಿಯಲಿಲ್ಲ. ನನ್ನ ಬಳಿ ಕಲಿತು ಮಾಸ್ತರರಾದವರೂ ಅಲ್ಲಿಗೆ ಬರುವವರಿದ್ದರು. ಅವರೆದುರು ಮಾನ ಹೋದರೆ ಏನು ಗತಿ?

“ಎದ್ದ ಕೂಡ್ಲೆ ಈ ಬತ್ತಲ ಗಂಡಸಿನ ಮುಂದ ಕುಂದರತೀರಿ. ಮನಿಗೆ ಬಂದೋರು ಏನಂದಾರ್ರೀ?” ಎಂದು ಹೆಂಡತಿ ಅವನಿಗೊಂದು ಟವೆಲು ಹೊದಿಸಿದಳು.

ಚಿತ್ರವನ್ನು ಸುರುಳಿ ಸುತ್ತಿ ಪಕ್ಕದ ಓಣಿಯ ಮಾರುತೆಪ್ಪನವರಲ್ಲಿಗೆ ಒಯ್ದೆ. ನೇಕಾರರಿಗೆ ಸೀರೆಯ ಅಂಚು ಸೆರಗಿನ ಹೂಬಳ್ಳಿಯನ್ನು ಗ್ರಾಫ್ ಕಾಗದದ ಮೇಲೆ ಬರೆದುಕೊಡುವುದು ಅವರ ಕಸುಬು. ಕನ್ನಡಕ ಏರಿಸಿದವರೇ, “ಗಿರಾಕಿ ಯಾರ್ರೀ?” ಎಂದರು.

“ಇದು ಕಲಾ ರೀ ಮಾರುತೆಪ್ಪಾರ. ಗಿರಾಕಿ ಎಲ್ಲಿಂದ ಬಂದ?”

“ಗಿರಾಕಿ ಇಲ್ಲದ ಯಾರು ಚೌಕ ಹಾಕ್ತಾರ ಮಾಸ್ತರ? ಸಣ್ಣದು ಬರದು, ಚೌಕ ಎಣಿಸಿ, ಗ್ವಾಡಿ ಮ್ಯಾಲ ದೊಡ್ಡದು ಮಾಡಾಕ ಇದು. ಯಾವ್ದೋ ಗುಡಿಯೋರು ಹೇಳಿ ಬರಸ್ಯಾರ. ಸೀಮೆಸುಣ್ಣಾನೂ ಅಲ್ಲ, ಕಾವಿಕಲ್ಲು ಇದ್ದಂಗೈತಿ. ಒಮ್ಮೆ ಎಳದರ ಅಳಸಾಕ ಬರಂಗಿಲ್ಲ, ಅದಕ್ಕ ಎಷ್ಟು ಹುಷಾರಿಲೆ ಎಳದಾನ ನೋಡ್ರಿ. ನಿಂತ ಆಳು ಪಾಪ, ಕೈ ಎತ್ತಿ ಎತ್ತಿ ಭುಜ ಸೋತೈತಿ.”

ನನ್ನ ಜೈಲು ಕುಸಿದುಬಿತ್ತು. ಇಷ್ಟೇ ಆದರೆ ಭಾವ ಎಲ್ಲಿ ಹೋಯಿತು? ಸೋತ ಭುಜವೇ ಭಾವವೋ? ಮೊದಲೇ ಗೊಂದಲ, ಈಗ ಎರಡು ಪಟ್ಟಾಯಿತು. “ಇವತ್ತ ಇಲ್ಲೇ ಇರಲಿ, ನಾಳೆ ಮುಂಜಾನೆ ಒಯ್ರಿ” ಎಂದರು. ಬಿಟ್ಟುಬಂದೆ.

ಮರುದಿನ ಸುರುಳಿ ಇಸಿದುಕೊಂಡು ಬಸ್ಸು ಹತ್ತಿ, ಮಕ್ತಲ್ ದಾಟುವವರೆಗೂ ಎರಡು ಪುಟ ಬಾಯಿಪಾಠ ಮಾಡಿದೆ. ಗದ್ವಾಲಿನ ವೇದಿಕೆಯಲ್ಲಿ ಚಿತ್ರ ಬಿಚ್ಚಿದರೆ, ಅಯ್ಯೋ ಶಿವನೇ, ಎಡಗಾಲು ಪೂರ್ತಿಯಾಗಿದೆ! ಹಿಮ್ಮಡಿ, ಐದು ಬೆರಳು, ಕೆಂಪು ಪೆನ್ಸಿಲ್ಲಿನಲ್ಲಿ. ಗ್ರಾಫಿನಲ್ಲಿ ಅರ್ಧಕ್ಕೆ ಬಿಟ್ಟ ಹೂವು ಮಗ್ಗದಲ್ಲೂ ಅರ್ಧವೇ ಬರುತ್ತದೆ; ಹಾಗೆ ಬಿಟ್ಟು ಮಾರುತೆಪ್ಪನವರಿಗೆ ಅಭ್ಯಾಸವೇ ಇಲ್ಲ. ನನ್ನ ಅಪೂರ್ಣತೆಗೆ ನಿಲ್ಲಲು ಜಾಗವಿಲ್ಲದಾಯಿತು. ತೊದಲುತ್ತಾ, ಚೌಕ, ಗ್ವಾಡಿ, ಗಿರಾಕಿ, ಸೋತ ಭುಜ ಎಂದು ಅವರು ಹೇಳಿದ್ದನ್ನೇ ನನ್ನದೆಂಬಂತೆ ಒಪ್ಪಿಸಿದೆ. ಮುಂದೆ ಕೂತಿದ್ದ ಅಧಿಕಾರಿ ಎದ್ದು, “ಆ ಕಾಲು ಚೂಡಂಡಿ!” ಎಂದು ತೆಲುಗಿನಲ್ಲಿ ಉದ್ಗರಿಸಿ, ಮಹಾನ್ ಕಲಾವಿದನಿಗಷ್ಟೇ ಅಂಥ ಕಾಲು ಸಾಧ್ಯವೆಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಸಂಜೆ ಇದನ್ನು ಹೇಳಿದಾಗ ಮಾರುತೆಪ್ಪನವರ ಮುಖ ಅರಳಿತು. “ಹೌದೇನ್ರೀ? ಮತ್ತ ನನ್ನ ಹೆಸರು ಹೇಳಿದ್ರೇನು?”

ಚಿತ್ರದ ಕೆಳಗೆ ಹೆಸರು ಬರೆಯದ ಹುಡುಗರ ಕಿವಿ ಹಿಂಡುತ್ತಾ ಬಂದವನು ನಾನು. “ಹೇಳಲಾರ್ದ ಇರ್ತೀನೇನ್ರೀ?” ಎಂದುಬಿಟ್ಟೆ.

ಅವರು ಖುಷಿಯಿಂದ ಚಹಾ ತರಿಸಿದರು. ಅದನ್ನೂ ಕುಡಿದು ಬಂದೆ.