ಕರಕರ ಎಂದ ಅಂಗಿ

ಮುಂಬೈಯಿಂದ ಸೀಸದ ಡಬ್ಬಿಯಲ್ಲಿ ಬರುವ ಒಂದು ಹನಿ ವಿಕಿರಣದ ರಂಜಕಕ್ಕೆ ಸಾವಿರದ ಇನ್ನೂರು ರೂಪಾಯಿ. ಸತ್ಯಪ್ಪನ ತಿಂಗಳ ಪಗಾರ ಐನೂರ ಐವತ್ತು. ರಂಜಕದ ಕಸುವು ಹದಿನಾಲ್ಕು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಪಗಾರದ ಕಸುವು ನಾಲ್ಕೇ ದಿನಕ್ಕೆ.

೧೯೮೪ರ ಒಂದು ದಿನ ಬೆಳಗಾವಿಯ ಪ್ರಯೋಗಾಲಯದಲ್ಲಿ ಹಂಗಾಮಿ ಸಹಾಯಕ ಸತ್ಯಪ್ಪ ಬಂದ ರಂಜಕವನ್ನೆಲ್ಲ ಡಿಎನ್‌ಎ ತುಣುಕುಗಳಿಗೆ ಅಂಟಿಸಿ, ನಳಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟ. ಆ ಡಿಎನ್‌ಎಯನ್ನು ಪ್ರೋಟೀನು ಹಿಡಿದುಕೊಳ್ಳುತ್ತದೋ ಇಲ್ಲವೋ ಮಧ್ಯಾಹ್ನ ನೋಡಬೇಕು. ಹಿಡಿದುಕೊಂಡದ್ದಕ್ಕೆ ಗುರುತಾಗಿ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಿದರೆ, ಪ್ರಯೋಗಾಲಯದ ಮುಖ್ಯಸ್ಥ ಬಸಲಿಂಗಪ್ಪ ಸಾಹೇಬರು ಅವನ ನೌಕರಿ ಕಾಯಂ ಮಾಡಲು ಬರೆಯುವವರಿದ್ದರು.

ಚಹಾಕ್ಕೆ ಹೋಗುವ ಮುನ್ನ ಎಲ್ಲರ ಮೈಮೇಲೂ ವಿಕಿರಣ ಅಳೆಯುವ ಕೌಂಟರ್ ಆಡಿಸುವುದು ಅಲ್ಲಿಯ ರೂಢಿ. ಜೊತೆಯಲ್ಲಿ ಕೆಲಸ ಮಾಡುವ ಕಾಂತಾ ಅದನ್ನು ಸತ್ಯಪ್ಪನ ಎದೆಗೆ ಹಿಡಿದಳು. ಬಿಸಿ ಬಾಣಲೆಯಲ್ಲಿ ಜೋಳದ ಅರಳು ಹುರಿದಂತೆ ಕರಕರ ಸದ್ದು!

“ಅಯ್ಯ ಶಿವನ! ಮೈಮ್ಯಾಲೆ ಸುರುವಿಕೊಂಡೀರಿ!”

“ಇಲ್ರಿ ಬಾಯಾರ, ಒಂದ್ ಹನಿ ಸೈತ ಚೆಲ್ಲಿಲ್ರಿ!”

“ಮಿಷನ್ ಸುಳ್ಳ ಹೇಳ್ತೈತೇನ್ರಿ?” ಎಂದ ಜವಾನ ಈರಯ್ಯ. “ಮೊದ್ಲ ಅಂಗಿ ಬಿಚ್ಚರಿ. ಮುಟ್ಟಿದ್ದೆಲ್ಲಾ ಈ ಕಸದ ಡ್ರಮ್ಮಿಗೆ ಹಾಕೂಣು, ತರ್ರಿ.”

ಬಾಜು ಆಫೀಸಿನ ಗುಮಾಸ್ತರು ಕಿಟಕಿಗೆ ಮುತ್ತಿದರು.

“ಏನಾಗೇತೋ ಈರಯ್ಯಾ?”

“ನಮ್ಮ ಸತ್ಯಪ್ಪ ಅಣುಬಾಂಬ್ ಆಗ್ಯಾರ್ರಿ!”

ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಟವೆಲ್ ಸುತ್ತಿಕೊಂಡು ನಿಂತ ಸತ್ಯಪ್ಪನಿಗೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಬೇಗ ಮುಗಿದರೆ ಸಾಕೆಂದು, ಮೇಜಿನ ಮೇಲೆ ಎದುರಿಗಿದ್ದ ಶೀಶೆ, ನಳಿಕೆಗಳನ್ನೆಲ್ಲ ತಲೆಯೆತ್ತದೆ ಬಾಚಿ ಬಾಚಿ ಕೊಟ್ಟ. ಈರಯ್ಯ ಒಂದೊಂದರ ಮುಚ್ಚಳ ತೆಗೆದು ಸುರುವಿ, ಸೋಪಿನ ನೀರು ಹಾಕಿ ಕದಡಿದ.

ಅಷ್ಟರಲ್ಲಿ ಸಾಹೇಬರು ಬಂದರು. ಕೌಂಟರನ್ನು ಸತ್ಯಪ್ಪನ ಬರಿ ಮೈಗೆ ಹಿಡಿದರು, ಸದ್ದಿಲ್ಲ. ಕುರ್ಚಿಯ ಮೇಲಿದ್ದ ಅಂಗಿಗೆ ಹಿಡಿದರು; ಕರಕರ. ಚಿಮಟ ಹಾಕಿ ಕಿಸೆಯಿಂದ ಒಂದು ಪುಡಿಕೆ ಎಳೆದರು.

“ಏನಪಾ ಇದು?”

“ಗ್ಯಾಸಬತ್ತಿಗೆ ಕಟ್ಟೂ ಮ್ಯಾಂಟಲ್ ರೀ. ಖಾನಾಪುರದಾಗ ತಂಗಿ ಲಗ್ನ ಐತ್ರಿ, ಮುಂಜಾನಿ ತಗೊಂಡೆ.”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಇದರಾಗ ಥೋರಿಯಂ ಇರ್ತದ, ಅದೂ ವಿಕಿರಣ ಸೂಸ್ತದ; ಅದಕ್ಕ ಮಿಷನ್ ಒದರೇದ. ನೀ ಖರೇನ ಒಂದ್ ಹನಿ ಚೆಲ್ಲಿಲ್ಲ, ಶಾಬಾಸ್! ತಾ, ಆ ಡಿಎನ್‌ಎ ನಳಿಕಿ ತಾ.”

ಸತ್ಯಪ್ಪ ಎದೆಯುಬ್ಬಿಸಿ ಡಬ್ಬಿಗೆ ಕೈ ಹಾಕಿದ. ಬರೀ ಮಂಜುಗಡ್ಡೆ.

“ಅದನ್ನೂ ನೀವ ಕೊಟ್ರಲ್ರಿ,” ಎಂದ ಈರಯ್ಯ. “ಛಲೋತ್ನಂಗ ಕದಡೇನ್ರಿ.”

ಸಾಹೇಬರು ಕೌಂಟರನ್ನು ಡ್ರಮ್ಮಿನ ಬಾಯಿಗೆ ಹಿಡಿದರು. ಅದು ಚೀರಿಕೊಂಡಿತು. ಕಿಟಕಿಯಲ್ಲಿದ್ದವರೂ ನಗಲಿಲ್ಲ. ಸತ್ಯಪ್ಪ ಟವೆಲ್ ಬಿಗಿದುಕೊಂಡು ಗೋಡೆಯ ಕಡೆ ತಿರುಗಿ ನಿಂತ.

ಹೊಸ ರಂಜಕ ಬರಲು ಮೂರು ತಿಂಗಳು ಹಿಡಿಯಿತು. ಆ ವರ್ಷ ಅವನ ನೌಕರಿ ಕಾಯಂ ಆಗಲಿಲ್ಲ.