ಕೆರಿಬಿಯನ್ ಕಡೆ ಹೋಗುವವರಿದ್ದರೆ ಹೇಳಿ

ಬಹರೈನಿನಲ್ಲಿ ಗುಟ್ಟಾಗಿ ಏನು ಬೇಕಾದರೂ ಮಾಡಬಹುದು, ಪ್ರಯಾಣ ಒಂದನ್ನು ಬಿಟ್ಟು. ನಾವು ಟಿಕೆಟ್ ತೆಗೆದ ಸಂಗತಿ ಹೂರಾದ ನಮ್ಮ ಗಲ್ಲಿಯ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯಲ್ಲಿ ಹಾಲು ಮೊಸರಿನ ಜೊತೆ ಮಾರಾಟವಾಗುತ್ತದೆ. ಆ ಸಂಜೆಯೇ ಕರೆಗಂಟೆ ಶುರು. ಬಾಗಿಲು ತೆರೆದರೆ ಕೈಯಲ್ಲಿ ಚೀಲ, ಮುಖದಲ್ಲಿ ಸಂಕೋಚ, ಬಾಯಲ್ಲಿ ಅದೇ ಮಾತು: "ಒಂದು ಸಣ್ಣ ಪೊಟ್ಟಣ ಉಂಟು ಮಾರಾಯ್ರೆ, ಹಗುರ." ನಾನು ಡೈರಿ ಬರೆಯುವ ಮನುಷ್ಯ. ಪ್ರತಿ ಸಲ ಊರಿಗೆ ಹೊರಡುವ ಮುನ್ನ ಪೆಟ್ಟಿಗೆಯ ತೂಕವನ್ನು 'ನಮ್ಮದು', 'ಅವರದು' ಎಂದು ಎರಡು ಭಾಗ ಮಾಡಿ ಬರೆದಿಡುತ್ತೇನೆ. ಮದುವೆಯಾದ ಮೇಲೆ ಇದುವರೆಗೆ 'ನಮ್ಮದು' ಒಮ್ಮೆಯೂ ಗೆದ್ದಿಲ್ಲ.

ನನ್ನ ಹೆಂಡತಿ ಶ್ವೇತಾಳಿಗೆ ಹೈಪರ್‌ಮಾರ್ಕೆಟಿನಲ್ಲಿ ರ‍್ಯಾಫಲ್ ಕೂಪನ್ ತುಂಬಿಸುವ ಚಾಳಿ. ಸಾಮಾನಿನ ಗಾಡಿ ಹಿಡಿದು ನಾನು ನಿಂತಿರಬೇಕು, ಅವಳು ಪೆಟ್ಟಿಗೆಯ ಮುಂದೆ ನಿಂತು ನನ್ನ ಹೆಸರು, ಫೋನ್, ಸಿಪಿಆರ್ ಕಾರ್ಡಿನ ನಂಬರ್ ಎಲ್ಲ ಬರೆಯಬೇಕು. "ಗುರುತಿನ ಕಾರ್ಡಿನ ನಂಬರನ್ನು ಹೀಗೆ ಕಂಡಕಂಡವರಿಗೆ ಕೊಡಬಾರದು" ಎಂದು ನಾನು ಅವಳಿಗೂ, ಕಟ್ಟಡದಲ್ಲಿ ಸಿಕ್ಕಿದವರಿಗೂ ಉಪದೇಶ ಮಾಡುತ್ತಾ ಬಂದವನು. ಹಾಗಾಗಿ ಬಹುಮಾನ ಬಂದಿದೆ ಎಂದು ಫೋನ್ ಬಂದಾಗ ಮೋಸದ ಕರೆಯೆಂದು ಎರಡು ಸಲ ಕತ್ತರಿಸಿದೆ. ಮೂರನೆಯ ಸಲ ಶ್ವೇತಾ ಎತ್ತಿದಳು. ಸಣ್ಣ ಐಷಾರಾಮಿ ಹಡಗು, ಕೆರಿಬಿಯನ್ ದ್ವೀಪಗಳು, ಒಂದು ವಾರ, ಇಬ್ಬರಿಗೆ, ವಿಮಾನದ ಟಿಕೆಟ್ ಸಮೇತ! ಅವಳು ಕುಣಿದಾಡಿದಳು. ನನ್ನ ಖುಷಿ ಬೇರೆಯದಾಗಿತ್ತು. ನಮ್ಮ ಪರಿಚಯದವರು ಯಾರೂ ಕೆರಿಬಿಯನ್‌ನಲ್ಲಿಲ್ಲ. ಡೈರಿಯಲ್ಲಿ 'ಅವರದು: ಸೊನ್ನೆ' ಎಂದು ಮುಂಗಡವಾಗಿ ಬರೆದೆ, ಪೆನ್ನಿನಲ್ಲೇ.

ಮರುದಿನ ಕರೆಗಂಟೆ ಸದ್ದಾಯಿತು. ಕೆಳಗಿನ ಮಹಡಿಯ ಗ್ರೇಸಿ ಆಂಟಿ. ಮಂಗಳೂರಿನ ಕಡೆಯ ಕೊಂಕಣಿಯವರು, ನನಗೆ 'ಪುತಾ', ಅಂದರೆ ಮಗ, ಎನ್ನುವವರು, ಜುಫೈರ್‌ನ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಾರೆ. ನಮಗೆ ಜ್ವರ ಬಂದರೆ ಗಂಜಿ, ಅವರಿಗೆ ಫೋನ್ ಕೆಟ್ಟರೆ ನಾನು, ಹೀಗೆ ನಮ್ಮ ಬಳಕೆ.

"ಕೆರಿಬಿಯನ್‌ಗೆ ಹೋಗ್ತೀರಂತೆ ಅಲ್ವಾ ಪುತಾ? ನಮ್ಮ ಮೆಲ್ವಿನ್ ಅಲ್ಲಿಯೇ ಇರುವುದು."

"ಅಲ್ಲಿ ಅಂದರೆ ಎಲ್ಲಿ ಆಂಟಿ?"

"ಅಲ್ಲೇ, ಕೆರಿಬಿಯನ್‌ನಲ್ಲಿ."

ಹೂರಾದಿಂದ ಮುಂದಿನ ಸ್ಟಾಪಿನಲ್ಲಿ ಇಳಿದು ಬಲಕ್ಕೆ ತಿರುಗಿದರೆ ಕೆರಿಬಿಯನ್ ಎಂಬ ಹಾಗೆ ಅವರು ಹೇಳಿದರು. ಮೆಲ್ವಿನ್ ಅವರ ಒಬ್ಬನೇ ಮಗ, ಸಾವಿರಾರು ಜನ ಹಿಡಿಯುವ ದೊಡ್ಡ ಕ್ರೂಸ್ ಹಡಗಿನಲ್ಲಿ ಬೇಕರಿ ಕೆಲಸ. ದೊಡ್ಡ ಹಡಗುಗಳು ಹೋಗದ ಪುಟ್ಟ ದ್ವೀಪಗಳಿಗೆ ಹೋಗುವುದೇ ನಮ್ಮ ಹಡಗಿನ ಹೆಗ್ಗಳಿಕೆ ಎಂದು ವಿವರಿಸಿದೆ. ಸಮುದ್ರದ ಅಗಲ ಎಷ್ಟೆಂದು ಕೈ ಚಾಚಿ ತೋರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಹೌದು ಪುತಾ, ನೀರು ಒಂದೇ ಅಲ್ವಾ?" ಎಂದರು. ಆಮೇಲೆ ಸೋಫಾದ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದರು: "ಅವನಿಗೆ ರಜೆ ಸಿಕ್ಕಿದಾಗ ನನಗಿಲ್ಲ. ನನಗೆ ಸಿಕ್ಕಿದಾಗ ಅವನು ಹಡಗಿನಲ್ಲಿ. ಎರಡು ಕ್ರಿಸ್ಮಸ್ ಆಯ್ತು. ವಿಡಿಯೋದಲ್ಲಿ ನೋಡ್ತೇನೆ, ಆದ್ರೆ ವಿಡಿಯೋದಲ್ಲಿ ಕುಸ್ವಾರ್ ಕೊಡ್ಲಿಕ್ಕಾಗ್ತದಾ?"

ಕುಸ್ವಾರ್ ಎಂದರೆ ಅವರ ಕ್ರಿಸ್ಮಸ್ ತಿಂಡಿಗಳು. ಶ್ವೇತಾ ನನ್ನನ್ನು ನೋಡಿದಳು. ಅಸ್ಕರ್‌ನ ಒಂದು ಕಂಪನಿಯಲ್ಲಿ ಕೆಲಸಗಾರರ ಪಾಳಿಪಟ್ಟಿ ಮಾಡುವುದೇ ನನ್ನ ಉದ್ಯೋಗ. ಯಾರ ಪಾಳಿ ಯಾರ ರಜೆಗೆ ಎಲ್ಲಿ ತಾಗುತ್ತದೆಂದು ಹುಡುಕುವುದು ನನಗೆ ಊಟ ಮಾಡಿದಷ್ಟೇ ಸಲೀಸು. ಅಭಿಮಾನ ಕೆರಳಿತು. ಎರಡು ಹಡಗುಗಳ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಬಣ್ಣ ಹಚ್ಚಿ, ಹುಡುಕಿದೆ. ಒಂದೇ ಒಂದು ಕಡೆ ಎರಡೂ ಒಟ್ಟಿಗೆ ನಿಲ್ಲುತ್ತಿದ್ದವು: ಸೇಂಟ್ ಲೂಸಿಯಾ ಬಂದರು, ನಮ್ಮ ಪ್ರಯಾಣದ ಐದನೆಯ ದಿನ. ಮೆಲ್ವಿನ್‌ಗೆ ಮೆಸೇಜ್ ಹಾಕಿದೆ. "ಎರಡು ಗಂಟೆಗೆ ಬ್ರೇಕ್ ಉಂಟು ಅಣ್ಣ, ಗೇಟಿನ ಹತ್ತಿರ ಬರ್ತೇನೆ. ಒಣ ತಿಂಡಿಯಾದ್ರೆ ಹಡಗಿಗೆ ಬಿಡ್ತಾರೆ, ಮೀನು ಬೇಡ" ಎಂದು ಉತ್ತರ ಬಂತು.

ಪೊಟ್ಟಣ ಬಂತು. ಒಂದು ಮಗುವನ್ನು ಮಲಗಿಸಬಹುದಾದಷ್ಟು ದೊಡ್ಡದು, ಸುತ್ತಲೂ ಕಂದು ಟೇಪು. "ಬೇಕರಿಯಲ್ಲಿ ಕೆಲಸ ಮಾಡುವವನಿಗೆ ಇಷ್ಟು ತಿಂಡಿಯಾ ಆಂಟಿ?" ಎಂದೆ.

"ಅವನು ಮಾಡುವುದು ಊರವರಿಗೆ. ಅವನಿಗೆ ಮಾಡುವವರು ಯಾರು?"

ಮೀನಿಲ್ಲ ತಾನೇ ಎಂದು ಕೇಳಿದ್ದಕ್ಕೆ ಶಿಲುಬೆಯ ಗುರುತು ಮಾಡಿ ಇಲ್ಲವೆಂದರು.

ನಮ್ಮ ಹಡಗು ನಿಜಕ್ಕೂ ಚೆಂದವಿತ್ತು. ಇದ್ದವರು ನೂರು ಜನವೂ ಇರಲಿಕ್ಕಿಲ್ಲ. ಎರಡನೆಯ ದಿನಕ್ಕೆ ಎಲ್ಲರಿಗೂ ನಮ್ಮ ಹೆಸರು ಬಾಯಿಪಾಠ. ಕುರ್ಚಿಯಲ್ಲಿ ಕೂತರೆ ತಣ್ಣಗಿನ ಟವೆಲ್, ಎದ್ದರೆ ಹಣ್ಣಿನ ರಸ. ಹಡಗಿನ ಹಿಂಬದಿಯಿಂದ ಮೆಟ್ಟಿಲು ಇಳಿಸಿದರೆ ನೇರ ಸಮುದ್ರಕ್ಕೆ. ಶ್ವೇತಾ ಹಸಿರು ನೀರಿನಲ್ಲಿ ಮೀನಿನಂತೆ ಆಡಿದಳು. ನಾನು ಕ್ಯಾಬಿನ್ನಿನಲ್ಲಿ ಪೊಟ್ಟಣ ಕಾಯುತ್ತಿದ್ದೆ. ಕಾರಣವಿತ್ತು. ಮೂರನೆಯ ದಿನದಿಂದ ಕ್ಯಾಬಿನ್ನಿಗೆ ಸಿಂಪಡಿಸಿದ ನಿಂಬೆಹುಲ್ಲಿನ ಪರಿಮಳವನ್ನು ಸೀಳಿಕೊಂಡು ಇನ್ನೊಂದು ವಾಸನೆ ಏಳತೊಡಗಿತ್ತು. ಒಣಸಿಗಡಿ ಚಟ್ನಿ! ತಿಂಡಿಗಳ ನಡುವೆ ಎಲ್ಲೋ ಒಂದು ಬಾಟಲಿ ಅಡಗಿ ಕೂತಿತ್ತು. ಆಂಟಿಯ ಲೆಕ್ಕದಲ್ಲಿ ಸಿಗಡಿ ಮೀನಲ್ಲ. ಕೋಣೆ ಶುಚಿ ಮಾಡಲು ಬಂದ ಫಿಲಿಪ್ಪೀನ್ಸ್‌ನ ತರುಣ ಬಾಗಿಲಲ್ಲೇ ನಿಂತು ಮೂಗು ಅರಳಿಸಿದ. ನಾನು ತಪ್ಪೊಪ್ಪಿಗೆಗೆ ಸಿದ್ಧನಾದೆ. ಅವನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, "ಸರ್, ನಮ್ಮ ಅಮ್ಮನ ಅಡುಗೆಮನೆ" ಎಂದ. ಸಂಜೆ ಬರುವಾಗ ಜಿಪ್ ಇರುವ ಮೂರು ಪ್ಲಾಸ್ಟಿಕ್ ಚೀಲ ತಂದುಕೊಟ್ಟ.

ಐದನೆಯ ದಿನ ಎರಡು ಗಂಟೆಗೆ ಸರಿಯಾಗಿ ನಾವು ಬಂದರಿನ ಗೇಟಿನಲ್ಲಿದ್ದೆವು. ಕಾವಲಿನವನು ಪೊಟ್ಟಣ ತೆರೆಸಿ, ಬಗ್ಗಿ ಮೂಸಿ, ಬೇಗ ಬೇಗ ಮುಚ್ಚಲು ಹೇಳಿ ಬಿಟ್ಟುಬಿಟ್ಟ. ಎದುರಿಗೆ ಮೆಲ್ವಿನ್‌ನ ಹಡಗು ಕಟ್ಟಡದಂತೆ ನಿಂತಿತ್ತು. ಎರಡೂಕಾಲು. ಎರಡೂವರೆ. ಫೋನ್ ಹಚ್ಚಿದರೆ ಸ್ವಿಚ್ ಆಫ್. ಮೂರೂವರೆಗೆ ನಾವು ನಮ್ಮ ಹಡಗು ಹತ್ತಬೇಕು. ಮೂರು ಗಂಟೆ ಹತ್ತಿರವಾಯಿತು. ಹೂರಾದ ಲಿಫ್ಟಿನಲ್ಲಿ ಗ್ರೇಸಿ ಆಂಟಿ ಎದುರಾದರೆ ಏನು ಹೇಳುವುದು? ಪೊಟ್ಟಣವನ್ನು ಹೊತ್ತು ಹಿಂದೆ ಕೊಡುವುದೇ? "ನಿಮ್ಮ ಬಣ್ಣದ ಪಟ್ಟಿ ಸರಿಯಿತ್ತಲ್ಲ?" ಎಂದು ಶ್ವೇತಾ ಮೆಲ್ಲಗೆ ಕೇಳಿದಳು. ನಾನು ಫೋನಿನಲ್ಲಿ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿದೆ.

ಅಷ್ಟರಲ್ಲಿ ಬಿಳಿ ಅಂಗಿಯ ಹುಡುಗನೊಬ್ಬ ಓಡಿಬಂದ. ತೋಳಿನ ತುಂಬ ಮೈದಾ.

"ಅಣ್ಣ, ಬೇಗ ಬಂದಿರಾ?"

"ಬೇಗವಾ? ಗಂಟೆ ಮೂರು!"

"ಇಲ್ಲಣ್ಣ, ನಮ್ಮ ಹಡಗಿನಲ್ಲಿ ಈಗ ಎರಡು. ದ್ವೀಪ ಯಾವುದೇ ಬರಲಿ, ನಮ್ಮ ಗಡಿಯಾರ ಫ್ಲೋರಿಡಾದ್ದೇ."

ಪಾಳಿಪಟ್ಟಿಯ ಪಂಡಿತನಾದ ನಾನು ಎರಡು ಹಡಗುಗಳನ್ನು ಕೂಡಿಸಿದ್ದೆ, ಎರಡು ಗಡಿಯಾರಗಳನ್ನು ಕೂಡಿಸುವುದನ್ನು ಮರೆತಿದ್ದೆ. ಶ್ವೇತಾ ಸಮುದ್ರದ ಕಡೆ ತಿರುಗಿ ನಕ್ಕಳು.

ಚಟ್ನಿಯನ್ನು ಅವನ ಹಡಗಿಗೆ ಬಿಡುವಂತಿರಲಿಲ್ಲ. ಬೆಂಚಿನ ಮೇಲೆ ಕೂತು ಅಲ್ಲೇ ಮುಗಿಸುವುದೆಂದಾಯಿತು. ಶ್ವೇತಾ ಚೀಲದಿಂದ ನಮ್ಮ ಹಡಗಿನ ಬನ್ನುಗಳನ್ನು ತೆಗೆದಳು. ಮೆಲ್ವಿನ್ ಒಂದನ್ನು ಒತ್ತಿ, ಮುರಿದು, "ಯಾರು ಮಾಡಿದ್ದು ಅಕ್ಕ ಇದು? ಐಷಾರಾಮಿ ಅಂತೀರಿ, ಒಳಗೆ ಸರಿ ಬೆಂದಿಲ್ಲ" ಎಂದ. ಆಮೇಲೆ ಚಟ್ನಿ ಹಚ್ಚಿಕೊಂಡು ಬಾಯಿಗಿಟ್ಟ. ಬನ್ನಿನ ತಕರಾರು ಮರೆತು ಇನ್ನೊಂದಕ್ಕೆ ಕೈ ಚಾಚಿದ. ನಾವಿಬ್ಬರೂ ಬೇರೆಡೆ ನೋಡಿದೆವು. ಅದನ್ನೂ ಮುಗಿಸಿ, "ಮಮ್ಮಿ ಖಾರ ಕಮ್ಮಿ ಮಾಡಿದ್ದಾರೆ. ಅವರಿಗೆ ಗ್ಯಾಸ್ಟ್ರಿಕ್ ಜೋರಾಗಿದೆಯಾ?" ಎಂದು ಕೇಳಿದ. ಹೊರಡುವಾಗ ಅವನೂ ಒಂದು ಡಬ್ಬಿ ಕೈಗಿಟ್ಟ. "ಕೇಕ್, ಮಮ್ಮಿಗೆ. ಹಗುರ ಉಂಟಣ್ಣ." ಅದು ಹಗುರವಿರಲಿಲ್ಲ.

ಬಹರೈನಿಗೆ ಬಂದು ಕೇಕ್ ತಲುಪಿಸಿದೆವು. ಆಂಟಿ ಒಂದು ಚೂರು ತಿಂದು, "ಸಕ್ಕರೆ ಹೆಚ್ಚಾಯ್ತು" ಎಂದು ತೀರ್ಪು ಕೊಟ್ಟು, ಉಳಿದದ್ದನ್ನು ಯಾರೂ ಮುಟ್ಟದಂತೆ ಫ್ರೀಜರಿನ ತಳದಲ್ಲಿಟ್ಟರು. ಆಮೇಲೆ ಪ್ರಶ್ನೆಗಳು: ಸೊರಗಿದ್ದಾನಾ, ಕೂದಲು ಉದುರಿದೆಯಾ, ಎಷ್ಟು ಬನ್ನು ತಿಂದ? ನಾನು ಡೈರಿ ತೆರೆದೆ. ಉಳಿದ ದ್ವೀಪಗಳ ಹೆಸರಿನ ಮುಂದೆ ಹವೆ, ಬಂದ ಹೊತ್ತು, ಹೊರಟ ಹೊತ್ತು ಇತ್ತು. ಸೇಂಟ್ ಲೂಸಿಯಾದ ಪುಟದಲ್ಲಿ ದ್ವೀಪದ ಸುದ್ದಿಯೇ ಇರಲಿಲ್ಲ. 'ನಾಲ್ಕು ಬನ್ನು. ಎಡಗೈಯಲ್ಲಿ ಒಲೆ ತಾಗಿದ ಹಳೆಯ ಗಾಯ, ಈಗ ವಾಸಿ. ನಗುವಾಗ ತಾಯಿಯ ಹಾಗೆ' ಎಂದಿತ್ತು. ಓದಿ ಹೇಳಿದೆ. ಆಂಟಿ ಇನ್ನೊಮ್ಮೆ ಓದಲು ಹೇಳಿದರು.

ಕಳೆದ ವಾರ ಹೈಪರ್‌ಮಾರ್ಕೆಟಿನಲ್ಲಿ ಅವರು ಕಂಡರು. ರ‍್ಯಾಫಲ್ ಪೆಟ್ಟಿಗೆಯ ಮುಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂಪನ್ ತುಂಬಿಸುತ್ತಿದ್ದರು. ಇಣುಕಿದರೆ ನನ್ನ ಹೆಸರು, ನನ್ನ ಫೋನು, ನನ್ನ ಸಿಪಿಆರ್!

"ಶ್ವೇತಾ ಕೊಟ್ಟಳು ನಂಬರ್. ಈ ಸಲವೂ ಹಡಗಿನ ಬಹುಮಾನ ಉಂಟಂತೆ. ಬೇಸಿಗೆಗೆ ಮೆಲ್ವಿನ್‌ನ ಹಡಗು ಅಲಾಸ್ಕಕ್ಕೆ ಹೋಗ್ತದಂತೆ."

"ನಿಮ್ಮ ಹೆಸರೇ ಬರೆಯಿರಿ ಆಂಟಿ. ಗೆದ್ದರೆ ನೀವೇ ಹೋಗಿ ಮಗನನ್ನು ನೋಡಬಹುದಲ್ಲ?"

ಅವರ ಪೆನ್ನು ನಿಂತಿತು. ಇದು ಅವರಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ನಾನೇ ಒಂದು ಖಾಲಿ ಕೂಪನ್ ತೆಗೆದು, ಸ್ಪಷ್ಟ ಅಕ್ಷರಗಳಲ್ಲಿ ಅವರ ಹೆಸರು ಬರೆದು, ಸಿಪಿಆರ್ ನಂಬರ್ ಕೇಳಿದೆ.

"ಹಾಗೆಲ್ಲ ಯಾರಿಗೂ ನಂಬರ್ ಕೊಡಬಾರದು ಅಂತ ನೀನೇ ಹೇಳಿದ್ದಲ್ವಾ ಪುತಾ?" ಎಂದು ಅನುಮಾನದಿಂದ ನೋಡಿದರು. ಆದರೂ ಪರ್ಸು ತೆರೆದು ಕಾರ್ಡು ಕೊಟ್ಟರು. ಕೂಪನನ್ನು ಮಡಚಿ ಪೆಟ್ಟಿಗೆಗೆ ಹಾಕುವಾಗ ನನ್ನ ಬಾಯಿಂದ ತಾನಾಗಿಯೇ ಮಾತು ಬಂತು:

"ನೀವು ಹೋಗುವುದಾದರೆ ಆಂಟಿ, ಮೆಲ್ವಿನ್‌ಗೆ ನನ್ನದೂ ಒಂದು ಸಣ್ಣ ಪೊಟ್ಟಣ ಉಂಟು. ಹಗುರ."

ಗ್ರೇಸಿ ಆಂಟಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಎಷ್ಟು ಕೆಜಿ?"