ಉಗ್ರಪ್ಪ ಮೇಷ್ಟ್ರ ಸಕ್ಕರೆ ಪರೀಕ್ಷೆ

"ಈ ಸಲ ಸಕ್ಕರೆ ನಮ್ಮ ಮನೆ ಹೊಸಿಲು ದಾಟಿ ಒಳಗೆ ಬರಲಿ ನೋಡೋಣ! ನಾನೂ ಸೈನ್ಸ್ ಮೇಷ್ಟ್ರು!"

ಹೀಗೆಂದು ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಘೋಷಿಸಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಉಗ್ರಪ್ಪ. ಸಭಿಕರು ಇಬ್ಬರೇ: ಬಸುರಿ ಹೆಂಡತಿ ಶಿವಬಸಮ್ಮ ಮತ್ತು ಮೇಷ್ಟ್ರ ತಾಯಿ ಈಶ್ವರಮ್ಮ.

ಆ ಗರ್ಜನೆಯ ಹಿಂದಿದ್ದದ್ದು ಬರೀ ಜಂಬವಲ್ಲ, ಭಯ. ಎಂಬತ್ತೊಂದನೇ ಇಸವಿಯಲ್ಲಿ ಅವರ ಮೊದಲ ಮಗು ದಿನ ತುಂಬಿ, ದುಂಡುದುಂಡಗೆ ಬೆಳೆದು, ಉಸಿರೇ ಆಡದೆ ಹುಟ್ಟಿತ್ತು. ಆಮೇಲೆ ಜಯನಗರದ ಡಾಕ್ಟರ್ ಅಲಮೇಲು ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಕಾಯಿಲೆ ಇದೆಯಮ್ಮ, ಯಾರೂ ನೋಡಿಲ್ಲ. ಮೊದಲು ತೂಕ ಇಳಿಸು, ಸಕ್ಕರೆ ಹತೋಟಿಗೆ ಬರ್ಲಿ. ಇನ್ನೊಂದು ಮಗು ಆಮೇಲೆ" ಎಂದಿದ್ದರು. ಶಿವಬಸಮ್ಮ ಎರಡು ವರ್ಷ ಲಾಲ್‌ಬಾಗ್ ಸುತ್ತಿದಳು. ಅನ್ನ ಹೋಗಿ ಮುದ್ದೆ ಬಂತು, ಮುದ್ದೆ ಹೋಗಿ ಅರ್ಧ ಮುದ್ದೆ ಬಂತು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದಳು. ಡಾಕ್ಟರು ಸೈ ಎಂದ ಮೇಲೆಯೇ ಬಸುರಾದದ್ದು.

ಬಸುರಾದ ಮೇಲೆ ಇನ್ಸುಲಿನ್. ಗಾಜಿನ ಸಿರಿಂಜು ಕುದಿಸಿ ಚುಚ್ಚುವುದನ್ನು ಮೇಷ್ಟ್ರೇ ಕಲಿತರು. ಅದರ ಜೊತೆಗೆ ದಿನಾ ಬೆಳಗ್ಗೆ ಮೂತ್ರ ಪರೀಕ್ಷೆ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಸುರಿದು, ಶಿವಬಸಮ್ಮ ಸೀಸೆಯಲ್ಲಿ ಹಿಡಿದಿಟ್ಟ ಮೂತ್ರದ ನಾಲ್ಕಾರು ಹನಿ ಬಿಟ್ಟು ಕಾಯಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ. ಇಟ್ಟಿಗೆ ಕೆಂಪಾಯಿತೋ, ಶಿವನೇ ಗತಿ!

ಮೇಷ್ಟ್ರಿಗೆ ಇದು ಪರೀಕ್ಷೆಯಲ್ಲ, ಯಜ್ಞ! ಸ್ನಾನ ಮುಗಿಸಿ, ವಿಭೂತಿ ಧರಿಸಿ, ಸೀಮೆಎಣ್ಣೆ ಸ್ಟೋವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ನಳಿಕೆ ಹಿಡಿಯುತ್ತಿದ್ದರು. ಶಿವಬಸಮ್ಮ ಬಾಗಿಲಿಗೊರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ರಿಸಲ್ಟಿಗೆ ಕಾಯುವ ಎಸ್ಸೆಸ್ಸೆಲ್ಸಿ ಹುಡುಗಿಯಂತೆ ನಿಂತಿರಬೇಕು. ಒಂಚೂರು ಹಸಿರು ಕಂಡರೆ ಸಾಕು, ವಿಚಾರಣೆ ಶುರು.

"ನಿನ್ನೆ ಏನು ತಿಂದೆ?"

"ನೀವು ಅಳತೆ ಮಾಡಿ ಕೊಟ್ಟಿದ್ದೇ ತಿಂದೆ ರೀ."

"ಬಾಳೆಹಣ್ಣು?"

"ವಾಸನೆ ನೋಡ್ದೆ."

"ವಾಸನೆ ಯಾಕೆ ನೋಡ್ದೆ? ನಮ್ಮ ವಂಶದಲ್ಲಿ ಏಳು ತಲೆಮಾರಿಂದ ಯಾರಿಗೂ ಈ ಕಾಯಿಲೆ ಇಲ್ಲ. ಇದು ನಿಮ್ಮ ತೌರಿನ ಬಳುವಳಿ!"

ಅವಳು ಎದುರಾಡುತ್ತಿರಲಿಲ್ಲ. ಅವರು ಸ್ಕೂಲಿಗೆ ಹೋದ ಮೇಲೆ ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡು, "ಅತ್ತೆ, ಒದೀತಾ ಇದೆಯಾ ನೋಡಿ" ಎನ್ನುತ್ತಿದ್ದಳು. ಒದೆ ಸಿಕ್ಕಿದ ಮೇಲೆಯೇ ಊಟ.

ಏಳನೇ ತಿಂಗಳಲ್ಲಿ ಒಂದು ಬೆಳಗ್ಗೆ ಎಂದಿನಂತೆ ಯಜ್ಞ ಶುರುವಾಯಿತು. ದ್ರಾವಣ ಹಸಿರಾಯಿತು. ಮೇಷ್ಟ್ರ ಹುಬ್ಬು ಏರಿತು. ಹಳದಿಯಾಯಿತು. ಮೇಷ್ಟ್ರೇ ಎದ್ದು ನಿಂತರು. ಕೊನೆಗೆ ಗೂಡಿನಿಂದ ಈಗ ತಾನೇ ತೆಗೆದ ಇಟ್ಟಿಗೆಯ ಕೆಂಪು! ಕ್ಲಿಪ್ಪು ಜಾರಿ ಅಷ್ಟೂ ಅಂಗಿಯ ಮೇಲೆ ಚೆಲ್ಲಿತು.

"ನಿಜ ಹೇಳು, ಏನು ತಿಂದೆ?"

"ಹೊಟ್ಟೇಲಿರೋ ಮಗು ಆಣೆಗೂ ಏನೂ ತಿಂದಿಲ್ಲ ರೀ!" ಶಿವಬಸಮ್ಮ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. "ಇದೂ ಹೋಗ್ಬಿಡತ್ತಾ?"

"ಉಗ್ರಾ, ಒಂದ್ನಿಮಿಷ ಕೇಳು..." ಎಂದರು ಈಶ್ವರಮ್ಮ.

"ನೀನು ಸುಮ್ನಿರವ್ವ! ಇದು ಸೈನ್ಸು!"

ಮೇಷ್ಟ್ರು ಸಿರಿಂಜು ತೆಗೆದರು. ದಿನದ ಅಳತೆ ದಾಟಿತು, ಔಷಧಿ ಇನ್ನೂ ಏರುತ್ತಲೇ ಇತ್ತು.

"ಡಾಕ್ಟರಮ್ಮನ್ನ ಕೇಳ್ದೆ ಜಾಸ್ತಿ ಹಾಕ್ಬೇಡಿ ರೀ."

"ಜಯನಗರಕ್ಕೆ ಹೋಗೋ ಅಷ್ಟೊತ್ತಿಗೆ ಏನು ಬೇಕಾದ್ರೂ ಆಗ್ಬಹುದು. ತೋಳು ಕೊಡು!"

ಕೊಟ್ಟದ್ದು ಮಾತ್ರ ಬೇರೆ ತೋಳು. ಈಶ್ವರಮ್ಮ ಸೊಸೆಗೆ ಅಡ್ಡ ನಿಂತು, ನುಗ್ಗೇಕಾಯಿಯಂಥ ತಮ್ಮ ಕೈಯನ್ನು ಸೂಜಿಯ ಮುಂದೆ ಚಾಚಿದ್ದರು.

"ಚುಚ್ಚೋದಾದ್ರೆ ನಂಗೆ ಚುಚ್ಚು. ಅದು ನಂದು!"

"ಏನು ನಿಂದು?"

"ಸೀಸೇಲಿದ್ದದ್ದು ಕಣೋ! ದಿನಾ ಬೆಳಗ್ಗೆದ್ದು ಆ ಹುಡುಗಿನ ಕಳ್ಳನ್ನ ನಿಲ್ಸಿದಂಗೆ ನಿಲ್ಲಿಸ್ತೀಯ. ಒಂದಿನಾದ್ರೂ ನೀಲಿ ಬರ್ಲಿ, ನೆಮ್ಮದಿಯಾಗಿ ನಾಕು ತುತ್ತು ತಿನ್ಲಿ ಅಂತ ಅವಳದ್ದನ್ನ ಚೆಲ್ಲಿ ನಂದು ತುಂಬ್ಸಿಟ್ಟೆ. ನಾನು ಸಣಕಲಿ, ನಂಗೆಲ್ಲಿ ಸಕ್ಕರೆ ಅಂದ್ಕಂಡೆ!"

ಮೇಷ್ಟ್ರು ತುಂಬಿದ ಸಿರಿಂಜನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಸಿರಿಂಜನ್ನು ಮೆಲ್ಲಗೆ ಕೆಳಗಿಟ್ಟು ತಾವೂ ಅವಳ ಪಕ್ಕ ನೆಲಕ್ಕೆ ಕೂತರು.

ಆಟೋದಲ್ಲಿ ಮೂವರೂ ಜಯನಗರಕ್ಕೆ ಓಡಿದರು. ಅಲ್ಲಿ ಮತ್ತೆ ಪರೀಕ್ಷಿಸಿದರೆ ಶಿವಬಸಮ್ಮನದು ಅಚ್ಚ ನೀಲಿ! ಎಲ್ಲ ಕೇಳಿದ ಡಾಕ್ಟರ್ ಅಲಮೇಲು ಕನ್ನಡಕ ತೆಗೆದರು.

"ಅಷ್ಟು ಇನ್ಸುಲಿನ್ ಹೋಗಿದ್ರೆ ಸಕ್ಕರೆ ಪಾತಾಳಕ್ಕಿಳಿದು ಇವಳಿಗೆ ಪ್ರಜ್ಞೇನೇ ತಪ್ತಿತ್ತು ಮೇಷ್ಟ್ರೇ. ತಾಯಿ ಮಗು ಇಬ್ರಿಗೂ ಅಪಾಯ. ಇನ್ನು ಮೇಲೆ ಬಣ್ಣ ನೋಡೋದು ನಿಮ್ಮ ಕೆಲಸ, ಡೋಸ್ ಹೇಳೋದು ನನ್ನ ಕೆಲಸ. ಅಮ್ಮಾ, ಸಣ್ಣಗಿರೋರಿಗೂ ಈ ಕಾಯಿಲೆ ಬರತ್ತೆ, ನಿಮಗೆ ಮಾತ್ರೆ ಬರ್ಕೊಡ್ತೀನಿ. ತಾಯಿಗಿದೆ ಅಂದ್ಮೇಲೆ ಮಗನಿಗೂ ನೋಡ್ಬೇಕು."

"ಮುಂದಿನ ವಾರ ಖಂಡಿತ ಬರ್ತೀನಿ ಮೇಡಂ" ಎಂದರು ಮೇಷ್ಟ್ರು.

ಆ ಮುಂದಿನ ವಾರ ತಿಂಗಳುಗಟ್ಟಲೆ ಬರಲೇ ಇಲ್ಲ. ಒಮ್ಮೆ ಪೇಪರ್ ತಿದ್ದುವುದಿತ್ತು, ಒಮ್ಮೆ ಸ್ಕೂಲ್ ಇನ್ಸ್‌ಪೆಕ್ಷನ್ನಿತ್ತು. ಆದರೆ ಮಗಳು ಮಾತ್ರ ಬಂದಳು. ಹುಟ್ಟಿದ ಕೂಡಲೇ ವಾರ್ಡೆಲ್ಲ ಕೇಳುವಂತೆ ಅತ್ತಳು. ಬಾಗಿಲಾಚೆ ನಿಂತಿದ್ದ ಮೇಷ್ಟ್ರು ಅದಕ್ಕಿಂತ ಜೋರಾಗಿ ಅತ್ತರು.

ಹೆರಿಗೆಯಾದ ಮೇಲಿನ ತಪಾಸಣೆಗೆ ಹೋದಾಗ ಡಾಕ್ಟರು ಶಿವಬಸಮ್ಮನಿಗೆ, "ಸದ್ಯಕ್ಕೆ ಸೂಜಿ ಬೇಡ. ಆದ್ರೆ ನಡಿಗೆ, ಪಥ್ಯ ಬಿಟ್ಯೋ, ಮತ್ತೆ ಬರತ್ತೆ" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಒಂದು ಖಾಲಿ ಸೀಸೆ ಕೈಗಿಟ್ಟು, ಪಕ್ಕದ ಬಾಗಿಲು ತೋರಿಸಿದರು.

ಮೇಷ್ಟ್ರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬೆನ್ನು ಬೆವರಿತು, ಸೀಸೆ ಮಾತ್ರ ಒಣಗಿಯೇ ಉಳಿಯಿತು. ನಲ್ಲಿ ಬಿಟ್ಟು ಅದರ ಸದ್ದು ಕೇಳಿದರು. ಪಂಚಾಕ್ಷರಿ ಜಪಿಸಿದರು. ಊಹೂಂ, ಒಂದು ಹನಿ ಇಲ್ಲ! ಕೆಂಪು ಬಂದರೆ? ಬಂದೇ ಬಿಟ್ಟರೆ?

ಹೊರಗಿನಿಂದ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಶಿವಬಸಮ್ಮ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು:

"ರೀ, ಹೆದರ್ಕೋಬೇಡಿ. ಬೇಕಾದ್ರೆ ನಂದು ಕೊಡ್ಲಾ?"